ಸಂತಪುರದ ಮನೆಯ ಜವಾರಿ ತತ್ತಿ

ಬೀದರಿನಲ್ಲಿ ಕೋಳಿಗಳ ರೋಗ ಪತ್ತೆ ಮಾಡುವ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಸತ್ತ ಕೋಳಿಯನ್ನು ಡಾಕ್ಟರು ಸೀಳಿ ನೋಡುತ್ತಾರೆ. ಕರುಳಿನದೊಂದು ತುಂಡು ನನ್ನ ಮೇಜಿಗೆ ಬರುತ್ತದೆ. ಅದರ ರಸವನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಂಬಲಿಯಂಥ ಆಹಾರದ ಮೇಲೆ ಸವರಿ, ಬೆಚ್ಚಗಿನ ಪೆಟ್ಟಿಗೆಯೊಳಗಿಟ್ಟು, ಏನು ಬೆಳೆಯುತ್ತದೋ ಎಂದು ಕಾಯುವುದು ನನ್ನ ಪಾಲಿನದು. ಕಣ್ಣಿಗೆ ಕಾಣದ ಜೀವಿಗಳಿಗೆ ಊಟ ಬಡಿಸಿ ಬೆಳೆಸುವ ಕೆಲಸ ಇದು. ಮನುಷ್ಯರಿಗೆ ಬಡಿಸುವ ಯೋಗ ನನಗೆ ಅಷ್ಟಾಗಿ ಬರಲಿಲ್ಲ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರು ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ಕೇಳುತ್ತಿದ್ದಾಗ ಸಿಟ್ಟು ಬರುತ್ತಿತ್ತು, ಬಿಟ್ಟಮೇಲೆ ಬೇಜಾರಾಯಿತು.

ಈ ಕೆಲಸಕ್ಕೆ ಸೇರಿದ ಮೇಲೆ ಕಣ್ಣು ಕೆಟ್ಟುಹೋಯಿತು. ದೃಷ್ಟಿ ಚೆನ್ನಾಗಿದೆ, ನೋಟ ಕೆಟ್ಟಿದೆ. ಊರ ನಡುವಿನ ಚೌಬಾರ ಬುರುಜಿನ ಹತ್ತಿರ ಚಟ್ನಿ ಬಡಿಸುವವನ ಕೈ ನೋಡಿದರೆ ನನಗೆ ಉಗುರು ಮಾತ್ರ ಕಾಣುತ್ತದೆ. ಚಿಕನ್ ಅಂಗಡಿಯಲ್ಲಿ ಕೋಳಿ ಕೊಯ್ದವನು ಅದೇ ಕೈಯಿಂದ ಚಹಾದ ಕಪ್ಪು ಎತ್ತಿಕೊಂಡರೆ ನನ್ನ ಕಣ್ಣು ಆ ಕಪ್ಪಿನ ಕಿವಿಗೇ ಅಂಟಿಕೊಳ್ಳುತ್ತದೆ. ಎಷ್ಟೋ ಸಲ ನಿಂತು ಬೈದಿದ್ದೇನೆ. ಬೈದರೆ ನಗುತ್ತಾರೆ. ಹಾಗಾಗಿ ರೂಮಿಗೆ ಹೋಗಿ ನನ್ನ ಪಾತ್ರೆ, ನನ್ನ ಚಾಕು, ನನ್ನ ಒಲೆ ಎಂದು ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವುದೇ ವಾಸಿ ಅನ್ನಿಸಿತು. ಒಬ್ಬಳಿಗೆ ಮಾಡುವ ಅಡುಗೆಯಲ್ಲಿ ಒಂದು ತೊಂದರೆ ಉಂಟು. ಎಷ್ಟು ಕಡಿಮೆ ಮಾಡಿದರೂ ಉಳಿಯುತ್ತದೆ.

ನಮ್ಮ ಅಣ್ಣನ ಮನೆ ಭಾಲ್ಕಿಯಲ್ಲಿ. ಅವನ ಮಗಳ ಮದುವೆಯಲ್ಲಿ ಅಡುಗೆಯವರು ದೊಡ್ಡ ಬುಟ್ಟಿಯಲ್ಲಿ ಹಸಿ ಕೋಳಿ ತುಂಬಿ ನಲ್ಲಿಯ ಕೆಳಗೆ ತೊಳೆಯುತ್ತಿದ್ದರು. ನೀರು ಚಿಮ್ಮಿ ಚಿಮ್ಮಿ ಪಕ್ಕದಲ್ಲೇ ಹೆಚ್ಚಿಟ್ಟಿದ್ದ ಸೌತೆಕಾಯಿ, ಉಳ್ಳಾಗಡ್ಡಿ, ಕೊತ್ತಂಬರಿಯ ರಾಶಿಯ ಮೇಲೆ ಬೀಳುತ್ತಿತ್ತು. ಕೋಳಿ ಹೇಗೂ ಬೇಯುತ್ತದೆ, ಅದರೊಳಗಿನದೆಲ್ಲ ಸಾಯುತ್ತದೆ. ಹಸಿಯಾಗಿ ತಿನ್ನುವ ಸೌತೆಕಾಯಿಯನ್ನು ಯಾರು ಬೇಯಿಸುತ್ತಾರೆ? ಕೋಳಿಯ ಹೊಟ್ಟೆಯ ರೋಗ ಮನುಷ್ಯರ ಹೊಟ್ಟೆಗೆ ಬರುವುದು ಬಹಳ ಸಲ ಇಂಥ ದಾರಿಯಲ್ಲೇ. ನಾನು ಸುಮ್ಮನಿರಲಾರದೆ ಆ ರಾಶಿಯನ್ನೆಲ್ಲ ಚೆಲ್ಲಿಸಿದೆ. ಅತ್ತಿಗೆ ಬೀಗರ ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಲ್ಲಾರ ಹೊಟ್ಟಿ ಗಟ್ಟಿ ಅದ. ನಿನಗೊಬ್ಬಾಕಿಗೇ ಇಷ್ಟೆಲ್ಲಾ ಕಾಯ್ದೆ ಎಲ್ಲಿಂದ ಬಂತ ಅಂತೀನಿ!"

ಅಂದಿನಿಂದ ನಮ್ಮ ಬಳಗದಲ್ಲಿ ಯಾವ ಕಾರ್ಯವಾದರೂ ನನ್ನ ಪಾಲಿಗೆ ಬಾಳೆಹಣ್ಣು ಗ್ಯಾರಂಟಿ. "ನಮ್ಮ ಇನ್ಸ್‌ಪೆಕ್ಟರ್ ಸಾಹೇಬ್ರಿಗೆ ಎರಡು ಬಾಳೆಹಣ್ಣು ತರ್ರಿ" ಎಂದು ಯಾರಾದರೂ ಕೂಗುತ್ತಾರೆ, ಉಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಸಿಪ್ಪೆ ಸುಲಿಯುತ್ತಾ ಒಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತೇನೆ. ಪಂಕ್ತಿಯಲ್ಲಿ ಕೂತು ಉಣ್ಣುವವರನ್ನು ನೋಡುತ್ತಾ ಬಾಳೆಹಣ್ಣು ತಿನ್ನುವುದಿದೆಯಲ್ಲ, ಅದರಷ್ಟು ಒಂಟಿತನ ರೂಮಿನಲ್ಲೂ ಇರುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನಾವು ಭಾಲ್ಕಿ ತಾಲ್ಲೂಕಿನ ಮೆಹಕರದ ಕಡೆಯವರು, ಬೌದ್ಧರು. ನಮ್ಮ ಅಜ್ಜಿ ಮುಟ್ಟಿದ ನೀರನ್ನು ಊರಿನ ನಡುವಿನ ಮನೆಯವರು ಕುಡಿಯುತ್ತಿರಲಿಲ್ಲ. ನಮ್ಮ ಅವ್ವ ಅಂಥ ಮನೆಗಳ ಅಂಗಳದಲ್ಲಿ ಕಾಳು ಕೇರಿದ್ದಾಳೆಯೇ ಹೊರತು ಹೊಸ್ತಿಲು ದಾಟಿದವಳಲ್ಲ. ಈಗ ಎಲ್ಲರೂ ಓದಿದ್ದೇವೆ, ನೌಕರಿಯಲ್ಲಿದ್ದೇವೆ. ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಅಂಥ ಮನೆತನದಲ್ಲಿ ಹುಟ್ಟಿದ ನಾನು ಕಂಡವರ ಕೈಯ ಊಟ ಬೇಡವೆಂದು ಮುಖ ತಿರುಗಿಸುತ್ತೇನೆಂದರೆ, ಕೆಲವರಿಗೆ ತಮಾಷೆ, ಕೆಲವರಿಗೆ ಸೊಕ್ಕು. ನನ್ನದು ಸೊಕ್ಕಲ್ಲ, ಸೋಪು ಎಂದು ಹೇಳಿದರೆ ಕೇಳುವವರು ಯಾರು?

ಕೇಳಿದವಳು ಒಬ್ಬಳು ಸಿಕ್ಕಿದಳು. ಸಂತಪುರದವಳು.

ಅವಳು ಮೊದಲ ಸಲ ಪ್ರಯೋಗಾಲಯಕ್ಕೆ ಬಂದಾಗ ಕೈಯಲ್ಲಿ ಹೊಸ ಕುಪ್ಪಸದ ಖಣದಲ್ಲಿ ಸುತ್ತಿದ ಗಂಟೊಂದಿತ್ತು. ಯಾರದೋ ಮನೆಯ ಉಡಿ ತುಂಬುವ ಸಾಮಾನು ತಪ್ಪಿ ಇಲ್ಲಿಗೆ ಬಂದಿದೆ ಎಂದುಕೊಂಡೆ. ಬಿಚ್ಚಿದರೆ ಒಳಗೆ ಸತ್ತ ಹೇಂಟೆ.

"ಇದಕ್ಕ ಹೊಸಾ ಖಣ ಯಾಕ್ರಿ?" ಎಂದೆ.

"ಹಳೇ ಅರಿಬ್ಯಾಗ ಕಟ್ಟಿದ್ರ ಕಂಡಕ್ಟರಗ ಗೊತ್ತಾಗಿ ಬಸ್‌ನಾಗಿಂದ ಇಳಿಸ್ತಿದ್ನಲ್ರೀ ಅಕ್ಕ. ಹೊಸಾ ಖಣ ನೋಡಿ, ಎಲ್ಲಿ ಕಾರ್ಯಾ ಅದ ಅಂತ ಕೇಳ್ದ. ಬೀದರದಾಗ ಅದ ಅಂದೆ."

ಕೋಳಿ ಸೀಳುವ ಡಾಕ್ಟರೂ ನಕ್ಕುಬಿಟ್ಟರು. ಅವಳು ಮಾತ್ರ ನಗದೆ ಮೇಜಿನ ಆಚೆ ನಿಂತು ಎಲ್ಲವನ್ನೂ ನೋಡಿದಳು, ನನ್ನನ್ನು ಒಂದೊಂದಾಗಿ ಕೇಳಿದಳು. ಕರುಳಿನಲ್ಲಿ ಏನಿರುತ್ತದೆ, ಅದು ಹೇಗೆ ಹರಡುತ್ತದೆ, ತಿಪ್ಪೆಗೆ ಎಸೆದರೆ ಏನು, ಹೂಳಬೇಕೋ ಸುಡಬೇಕೋ. ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಅಷ್ಟು ಕೇಳಿರಲಿಲ್ಲ. ಹೋಗುವಾಗ "ಒಮ್ಮಿ ನಮ್ಮ ಮನಿಗಿ ಬರ್ರಿ ಅಕ್ಕ" ಎಂದಳು. ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ನಾನು ತಲೆಯಾಡಿಸಿದೆ. ಇವಳು ಫೋನು ಮಾಡಿದಳು.

ಅವಳ ಮನೆ ಊರಿನ ನಡುವೆ. ಒಕ್ಕಲುತನದ ಹಳೆಯ ಮನೆ. ಗಂಡ ಹೆಚ್ಚು ಹೊತ್ತು ಹೊಲದಲ್ಲೇ ಇರುವವನು. ಮನೆಯಲ್ಲಿ ಅವಳ ಅತ್ತೆ. ಆ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಹಿತ್ತಲು ತುಂಬ ಜವಾರಿ ಕೋಳಿಗಳು, ಅವೆಲ್ಲ ಸೊಸೆಯವೇ. ಒಂದೊಂದಕ್ಕೂ ಒಂದೊಂದು ಹೆಸರಿಟ್ಟು ಬೈಯುತ್ತಿದ್ದಳು. ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಪಡಸಾಲೆಯಲ್ಲೇ ನಿಂತೆ. ಕಾಲು ಅಲ್ಲಿಗೇ ನಿಂತವು. "ಅಲ್ಲ್ಯಾಕ ನಿಂತ್ರಿ? ಒಳಗ ಬರ್ರಿ, ರೊಟ್ಟಿ ಆರ್ತಾವ" ಎಂದು ಕೈಹಿಡಿದು ಅಡುಗೆಮನೆಗೇ ಕರೆದುಕೊಂಡು ಹೋದಳು. ಒಲೆಯ ಮಗ್ಗುಲಿಗೆ ಮಣೆ ಹಾಕಿದಳು. ಹಂಚಿನಿಂದ ಇಳಿದ ರೊಟ್ಟಿ ನೇರವಾಗಿ ನನ್ನ ತಟ್ಟೆಗೆ ಬಂತು, ಕುದಿಯುವ ಎಸರು ಗಡಿಗೆಯಿಂದ ಬಂತು.

"ನಿಮ್ಗ ಬಿಸಿ ಇದ್ದದ್ದೇ ಬೇಕಲ್ರಿ. ತಿನ್ರಿ ಮತ್ತ, ಬಾಯಿ ಸುಟ್ಕೊಂಡು" ಎಂದು ಚಾಳಿಸಿದಳು.

"ಬಿಸಿ ಇದ್ದದ್ದೇ ನಮ್ಮ ಜಾತಿ" ಎಂದೆ. ಇಬ್ಬರೂ ನಕ್ಕೆವು. ಆಯಿ ಬಾಗಿಲಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದಳು. ಅವಳು ನಗಲೂ ಇಲ್ಲ, ಏನೂ ಅನ್ನಲೂ ಇಲ್ಲ. ಅಷ್ಟೇ ನನಗೆ ದೊಡ್ಡದಾಗಿತ್ತು.

ಆಮೇಲೆ ರಜೆಯ ದಿನ ಔರಾದ ಬಸ್ಸು ಹತ್ತುವುದು ನನ್ನ ರೂಢಿಯಾಯಿತು. ಸಂತಪುರದಲ್ಲಿ ಇಳಿದು, ಒಲೆಯ ಮುಂದೆ ಕೂತು, ಬಾಯಿ ಸುಟ್ಟುಕೊಂಡು ಉಂಡು, ಸಂಜೆಯ ಬಸ್ಸಿಗೆ ಬೀದರಿಗೆ ವಾಪಸು. ಜಗತ್ತಿನಲ್ಲಿ ನಾನು ಬಾಳೆಹಣ್ಣಲ್ಲದೆ ಬೇರೇನಾದರೂ ತಿನ್ನುತ್ತಿದ್ದ ಮನೆ ಅದೊಂದೇ. ಅಲ್ಲಿ ನನ್ನನ್ನು ಯಾರೂ ಇನ್ಸ್‌ಪೆಕ್ಟರ್ ಅನ್ನುತ್ತಿರಲಿಲ್ಲ, ಅಕ್ಕ ಎನ್ನುತ್ತಿದ್ದರು.

ಅವಳ ಮಗಳು ಹೆರಿಗೆಗೆ ತವರಿಗೆ ಬಂದಳು. ಗಂಡುಮಗು ಹುಟ್ಟಿತು. ಹುಡುಗಿ ಬಹಳ ಇಳಿದುಹೋಗಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಣಂತಿತನದ ಯಜಮಾನಿಕೆಯನ್ನು ಆಯಿ ವಹಿಸಿಕೊಂಡಳು. ಆಯಿಯ ಅಪ್ಪ ತಾಲೀಮಿನ ಪೈಲ್ವಾನನಂತೆ. ಬೆಳಿಗ್ಗೆ ಎದ್ದಕೂಡಲೇ ಹಸಿ ತತ್ತಿಯನ್ನು ಹಾಲಿಗೆ ಒಡೆದು ಹಾಕಿ, ಸಕ್ಕರೆ ಕದಡಿ, ಗಟಗಟನೆ ಕುಡಿದು ಕಣಕ್ಕೆ ಇಳಿಯುತ್ತಿದ್ದನಂತೆ. ಸೊರಗಿದ ಜೀವಕ್ಕೆ ಅದಕ್ಕಿಂತ ಮದ್ದಿಲ್ಲ ಎಂಬುದು ಆಯಿಯ ನಂಬಿಕೆ. ಬಾಣಂತಿಗೂ ಅದೇ ಶುರುವಾಯಿತು. ಫಾರ್ಮಿನ ಬಿಳಿ ತತ್ತಿ ಮಾತ್ರ ಕೂಡದು. ಅದು ಇಂಜೆಕ್ಷನ್ ಚುಚ್ಚಿದ ಕೋಳಿಯದು, ಹೊಲಸು. ನಮ್ಮ ಹಿತ್ತಲಿನ ಜವಾರಿ ತತ್ತಿ ತುಪ್ಪದಷ್ಟು ಶುದ್ಧ. ಈ ನಂಬಿಕೆ ಆಯಿಯದೊಂದೇ ಅಲ್ಲ, ನಮ್ಮ ಜಿಲ್ಲೆಯಲ್ಲಿ ಮನೆಮನೆಯದು. ನನಗೆ ಇದೆಲ್ಲ ಗೊತ್ತಾದದ್ದು ಗೆಳತಿ ಫೋನಿನಲ್ಲಿ ನಗುತ್ತಾ ಹೇಳಿದ್ದರಿಂದ. ಹಸಿ ತತ್ತಿ ಬೇಡ, ಬೇಯಿಸಿ ಕೊಡು ಎಂದೆ. "ಆಯಿಗಿ ಹೇಳೋರ್ ಯಾರ್ರೀ ಅಕ್ಕ? ನನಗೇ ಕುಡ್ಸ್ಯಾಳ, ನಾ ಏನ್ ಸತ್ತೀನಾ?" ಎಂದಳು.

ಅದರ ಬೆನ್ನಿಗೇ ಅವಳ ಕೋಳಿಮರಿಗಳು ಸಾಯತೊಡಗಿದವು. ಹಿಂಭಾಗಕ್ಕೆ ಸುಣ್ಣದಂಥ ಬಿಳಿ ಹೇಲು ಅಂಟಿಕೊಂಡು, ರೆಕ್ಕೆ ಜೋಲುಬಿಟ್ಟು, ಬುಟ್ಟಿಯ ಮೂಲೆಯಲ್ಲಿ ಒತ್ತಾಗಿ ಕೂತು ಸತ್ತವು. ಬಾಣಂತಿಯ ಮನೆ ಬಿಟ್ಟು ಅವಳಿಗೆ ಬರಲಾಗಲಿಲ್ಲ. ಗಂಡನ ಕೈಯಲ್ಲಿ ಸತ್ತ ಮರಿಗಳನ್ನೂ ಒಂದಿಷ್ಟು ತತ್ತಿಗಳನ್ನೂ ಕಳಿಸಿದಳು. ತಾಯಿ ಕೋಳಿಗಳು ಮಾತ್ರ ಮಿಂಚುತ್ತಾ ಓಡಾಡಿಕೊಂಡಿವೆ ಎಂದು ಅವನು ಹೇಳಿದ. ಈ ರೋಗದ ಕಪಟವೇ ಅದು. ಮರಿಯನ್ನು ಕೊಲ್ಲುತ್ತದೆ, ದೊಡ್ಡ ಕೋಳಿಯ ಹೊಟ್ಟೆಯಲ್ಲಿ ಸದ್ದಿಲ್ಲದೆ ಮನೆಮಾಡಿಕೊಂಡು ಕೂರುತ್ತದೆ. ಮೊಟ್ಟೆ ಹುಟ್ಟುವಾಗಲೇ ಅದರೊಳಗೆ ಹೊಕ್ಕಿರುತ್ತದೆ. ಮೇಲಿನ ಚಿಪ್ಪನ್ನು ಎಷ್ಟು ತಿಕ್ಕಿ ತೊಳೆದರೂ ಒಳಗಿರುವುದು ಹೋಗುವುದಿಲ್ಲ.

ನನ್ನ ಗಾಜಿನ ತಟ್ಟೆಯ ಕೆಂಪು ಆಹಾರದ ಮೇಲೆ ಬೆಳೆದ ಚುಕ್ಕೆಗಳಿಗೆ ನಡುವೆ ಕಪ್ಪು ಬೊಟ್ಟಿತ್ತು. ಆ ಬೊಟ್ಟು ಯಾವುದರ ಗುರುತೆಂದು ಗೊತ್ತಿದ್ದೂ ತಟ್ಟೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಇನ್ನೂ ಒಂದೆರಡು ಪರೀಕ್ಷೆ ಮಾಡಿದೆವು. ಸಾಲ್ಮೊನೆಲ್ಲಾ. ಮನುಷ್ಯರಿಗೂ ತಗಲುವ ಜಾತಿಯದೇ. ಮರಿಯ ಕರುಳಿನಲ್ಲಿ ಇತ್ತು, ತತ್ತಿಯ ಹಳದಿಯಲ್ಲೂ ಇತ್ತು.

ಡಾಕ್ಟರು ಸಂತಪುರದ ಕಡೆಯ ಪಶುವೈದ್ಯರಿಗೆ ತಿಳಿಸುವುದಾಗಿ ಹೇಳಿದರು. ಅದು ಸರಿಯಾದ ಕ್ರಮ. ಆದರೆ ಆ ಮನೆಯಲ್ಲಿ ಒಬ್ಬ ಬಾಣಂತಿ ದಿನಾ ಬೆಳಿಗ್ಗೆ ಅದೇ ತತ್ತಿಯನ್ನು ಹಸಿಯಾಗಿ ಕುಡಿಯುತ್ತಿದ್ದಾಳೆ ಎಂಬುದು ಗೊತ್ತಿದ್ದದ್ದು ನನಗೊಬ್ಬಳಿಗೆ. ಅವಳ ಮಗ್ಗುಲಲ್ಲಿ ಎಳೆಯ ಕೂಸು ಬೇರೆ. ದೊಡ್ಡವರಿಗೆ ಭೇದಿ, ಜ್ವರ ಬಂದು ಹೋಗಬಹುದು. ಎಳೆಗೂಸಿಗೆ ತಗುಲಿದರೆ ರಕ್ತಕ್ಕೇ ಏರುತ್ತದೆ. ಫೋನು ಮಾಡಿದೆ, ಆಯಿ ಎತ್ತಿದಳು. ನಾನು ಹೇಳುವುದನ್ನು ಅರ್ಧ ಕೇಳಿ, "ಕೋಳಿ ಬಿಮಾರಿ ಕೋಳಿಗಿ, ಮನ್ಷಾರಿಗಿ ಹ್ಯಾಂಗ ಬರ್ತದ?" ಎಂದು ಇಟ್ಟುಬಿಟ್ಟಳು.

ಬಸ್ಸಿನಲ್ಲಿ ಕೂತಾಗ ನನಗೆ ಎಲ್ಲವೂ ಸ್ಪಷ್ಟವಾಗಿಯೇ ಗೊತ್ತಿತ್ತು. ಒಬ್ಬರ ಮನೆಯ ಹಿತ್ತಲಿನ ತತ್ತಿ ಹೊಲಸು ಎಂದು ಅವರ ಪಡಸಾಲೆಯಲ್ಲಿ ನಿಂತು ಹೇಳಲು ಹೊರಟಿದ್ದೇನೆ. ಹೇಳುವವಳು ಕೇರಿಯವಳು. ಹೇಳಿಸಿಕೊಳ್ಳುವವಳು ಆಯಿ. ಇದಾದಮೇಲೆ ಆ ಒಲೆಯ ಮಗ್ಗುಲಿನ ಮಣೆ ನನಗೆ ಉಳಿಯುವುದಿಲ್ಲ. ಉಳಿಯಲಿ ಎಂದು ಆಸೆಯಿತ್ತು, ಬಹಳ ಆಸೆಯಿತ್ತು. ಕಿಟಕಿಯಾಚೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಬಸ್ಸು ಕೆಟ್ಟು ನಿಂತರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ.

ನಾನು ಹೋದಾಗ ಮನೆಯಲ್ಲಿ ಆಗಲೇ ಗಾಬರಿ ಇತ್ತು. ಹಿಂದಿನ ದಿನದಿಂದ ಬಾಣಂತಿಗೆ ಜ್ವರ, ಹೊಟ್ಟೆ ಕಟ್ಟಿಹಿಡಿದಂಥ ನೋವು, ಭೇದಿ. ನಂಜಾಗಿದೆ ಎಂದು ಒಬ್ಬರು, ದೃಷ್ಟಿಯಾಗಿದೆ ಎಂದು ಇನ್ನೊಬ್ಬರು. ಬಾಣಂತಿಯ ಖೋಲಿಯಿಂದ ಲೋಬಾನದ ಹೊಗೆ ಪಡಸಾಲೆಯ ತನಕ ಬಂದಿತ್ತು. ಗೆಳತಿಯ ಕಣ್ಣು ಕೆಂಪಾಗಿದ್ದವು, ಹೊಗೆಗೋ ಅಳುವಿಗೋ ತಿಳಿಯಲಿಲ್ಲ. ನಾನು ನಿಂತಲ್ಲೇ ಹೇಳಿದೆ. ತಟ್ಟೆಯ ಮೇಲೆ ಏನು ಬೆಳೆಯಿತು, ತತ್ತಿಯೊಳಗೆ ಏನು ಸಿಕ್ಕಿತು, ಹುಡುಗಿಗೆ ಯಾಕೆ ಹೀಗಾಗಿದೆ, ಕೂಸಿಗೆ ಏನಾಗಬಹುದು.

"ಹಾಲು ಬಿಸಿ ಇರ್ತದಲ್ರಿ, ಅಕ್ಕ?" ಎಂದಳು ಗೆಳತಿ, ಬೇಡಿಕೊಳ್ಳುವ ದನಿಯಲ್ಲಿ.

"ಬಾಯಿಗಿ ಹತ್ತೋವಷ್ಟ ಬಿಸಿ ಇರ್ತದ. ಅಷ್ಟಕ್ಕ ಅದು ಸಾಯಂಗಿಲ್ಲ. ಕುದಿಬೇಕು."

ಆಯಿ ಬಾಣಂತಿಯ ಖೋಲಿಯ ಬಾಗಿಲಲ್ಲಿ ನಿಂತಿದ್ದಳು. ನಿಧಾನವಾಗಿ ಹೇಳಿದಳು:

"ಒಂದ್ ಕಾಲಕ್ಕ ನಿಮ್ಮ ಕೈಯಾಂದು ನಾವ್ ತಿಂತಿದ್ದಿಲ್ಲ. ಈಗ ನಮ್ಮ ಮನಿದು ನಾವೇ ತಿನ್ನಬಾರ್ದು ಅಂತ ನೀವ್ ಬಂದು ಹೇಳ್ಲತ್ತೀರಿ. ಭೇಷ್ ಆತು ಬಿಡ್ರಿ."

ಗೆಳತಿ ನೆಲ ನೋಡಿದಳು. ಅವಳು ಏನಾದರೂ ಅನ್ನಲಿ ಎಂದು ನಾನು ಕಾದೆ. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಮುದುಕಿಯ ಭುಜದ ಮೇಲಿಂದ ನೋಡಿದರೆ ಒಳಗೆ ಹುಡುಗಿ ಒರಗಿ ಕೂತಿದ್ದಾಳೆ. ಕೈಯಲ್ಲಿ ಗಿಲಾಸಿದೆ, ಹಾಲಿನ ಮೇಲೆ ಹಳದಿ ಎಳೆ ಎಳೆಯಾಗಿ ತೇಲುತ್ತಿದೆ. ಇಷ್ಟು ಹೇಳಿದ ಮೇಲೂ! ಬಾಣಂತಿಯ ಖೋಲಿಗೆ ಹೊರಗಿನವರು ಹೋಗುವುದಿಲ್ಲ, ಅವಳ ಸಾಮಾನು ಮುಟ್ಟುವುದಿಲ್ಲ. ಅದು ಎಲ್ಲ ಮನೆಗಳ ಕಟ್ಟಳೆ, ನಮ್ಮ ಮನೆಯದೂ ಹೌದು. ನಾನು ಆಯಿಯನ್ನು ಸರಿಸಿಕೊಂಡು ಒಳಗೆ ಹೋದೆ. ಹುಡುಗಿಯ ಕೈಯಿಂದ ಗಿಲಾಸು ಕಿತ್ತುಕೊಂಡೆ. ಬಚ್ಚಲಿಗೆ ಸುರಿದೆ.

ಆಯಿ ಕೂಗಲಿಲ್ಲ. ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತಳು. ಅದಕ್ಕಿಂತ ಕೂಗಿದ್ದರೆ ಚೆನ್ನಾಗಿತ್ತು.

"ದವಾಖಾನಿಗಿ ಒಯ್ರಿ. ಈಗೇ ಒಯ್ರಿ. ಸಾಲ್ಮೊನೆಲ್ಲಾ ಅಂತ ಹೇಳ್ರಿ. ನನ್ನ ಎದುರಿಗಿ ಒಮ್ಮಿ ಅನ್ರಿ" ಎಂದು ಗೆಳತಿಗೆ ಹೇಳಿದೆ. ಅವಳು ಮಂತ್ರ ಹೇಳಿಸಿಕೊಂಡವರ ಹಾಗೆ ತಡವರಿಸಿ ಅಂದಳು. ಅವಳ ಗಂಡ ಜೀಪು ತರಿಸಿದ. ತಾಯಿ, ಮಗಳು, ಕೂಸು ಔರಾದಿನ ಆಸ್ಪತ್ರೆಗೆ ಹೊರಟರು. ಜೀಪು ಹತ್ತುವಾಗ ಗೆಳತಿ ನನ್ನ ಕಡೆ ನೋಡಲಿಲ್ಲ. ನೋಡುವ ಪುರುಸೊತ್ತು ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮನೆಯಲ್ಲಿ ಮೊದಲ ಸಲ ನನ್ನನ್ನು ಯಾರೂ ಕೂರು ಅನ್ನಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಗಿ, ಬೀದರಿನ ಬಸ್ಸು ಬರುವ ತನಕ ಕಲ್ಲಿನ ಮೇಲೆ ಕೂತೆ. ಹಸಿವಾಗಿತ್ತು.

ಹುಡುಗಿ ಉಳಿದಳು. ಕೂಸಿಗೆ ಏನೂ ಆಗಲಿಲ್ಲ. ಗೆಳತಿ ಒಂದು ಸಲ ಫೋನು ಮಾಡಿ, "ಮಗಳು ಆರಾಮಾಗ್ಯಾಳ್ರಿ, ಮೇಡಂ. ಬರೋಬರ್ ಟೈಮಿಗಿ ತಂದೀರಿ ಅಂತ ಡಾಕ್ಟರ್ ಅಂದ್ರು" ಎಂದಳು. ಸುದ್ದಿ ಕೇಳಿ ಕುಣಿದಾಡುವಷ್ಟು ಸಂತೋಷವಾಯಿತು. ಫೋನು ಇಟ್ಟಮೇಲೆ ಆ ಮೇಡಂ ಎಂಬ ಮಾತು ಮಾತ್ರ ಕಿವಿಯಲ್ಲೇ ಉಳಿಯಿತು. ಅವಳ ಕೋಳಿಗಳನ್ನೆಲ್ಲ ಕೊಲ್ಲಿಸಿ ಹೂಳಿಸಬೇಕಾಯಿತು ಎಂದು ಡಾಕ್ಟರಿಂದ ತಿಳಿಯಿತು. ಹೆಸರಿಟ್ಟು ಬೈಯುತ್ತಿದ್ದ ಕೋಳಿಗಳು. ಅದಕ್ಕೆ ಅವಳು ಎಷ್ಟು ಅತ್ತಳೋ, ನನಗೆ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಆ ಕಡೆಯಿಂದ ಸದ್ದಿಲ್ಲ. ರಜೆ ಬಂದರೆ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಬಟ್ಟೆ ಒಗೆದದ್ದನ್ನೇ ಒಗೆದೆ. ಒಮ್ಮೆ ಸುಮ್ಮನೆ ಭಾಲ್ಕಿಗೆ ಹೋದೆ. ಅತ್ತಿಗೆ ಬಾಗಿಲಲ್ಲೇ "ಅಯ್ಯ, ಮನ್ಯಾಗ ಬಾಳೆಹಣ್ಣೇ ಇಲ್ಲ" ಎಂದಳು. ನಗಿಸಲೆಂದೇ ಅಂದದ್ದು. ನನಗೆ ನಗಲಾಗಲಿಲ್ಲ, ಚಹಾ ಕುಡಿದು ಎದ್ದುಬಂದೆ. ರೂಮಿನಲ್ಲಿ ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಚಾಳಿಸುವವರು ಇಲ್ಲದಿದ್ದರೆ ರೊಟ್ಟಿ ಎಷ್ಟು ಬೇಗ ಆರುತ್ತದೆ ಎಂದು ಆ ದಿನಗಳಲ್ಲಿ ಕಂಡುಕೊಂಡೆ. ನಾನು ಮಾಡಿದ್ದು ಸರಿ. ಇನ್ನೊಮ್ಮೆ ಅದೇ ಗಳಿಗೆ ಬಂದರೂ ಆ ಗಿಲಾಸನ್ನು ಕಿತ್ತುಕೊಂಡು ಸುರಿಯುತ್ತೇನೆ. ಸರಿ ಎಂಬುದು ಎದುರಿಗೆ ಕೂತು ಮಾತಾಡುವುದಿಲ್ಲ, ಅಷ್ಟೇ.

ಕೂಸಿನ ಜಾವಳಕ್ಕೆ ಕರೆ ಬಂತು. ಮೊದಲ ಕೂದಲು ತೆಗೆಸುವ ಕಾರ್ಯ. ಗೆಳತಿಯೇ ಫೋನು ಮಾಡಿದಳು. "ಮೇಡಂ, ನೀವ್ ಬರ್ಲೇಬೇಕ್ರಿ. ಆಯಿ ಹೇಳ್ಯಾಳ, ನೀವ್ ಬಂದ್ರೇ ಊಟಕ್ಕ ಎಲಿ ಹಾಕೋದಂತ" ಎಂದಳು. ಬರುತ್ತೇನೆ ಎಂದೆ. ಹೊಸ ಸೀರೆ ಉಟ್ಟುಕೊಂಡೆ. ಕೂಸಿಗೆ ಕಾಲಂದುಗೆ ಕೊಂಡೆ. ಔರಾದ ಬಸ್ಸಿನಲ್ಲಿ ಕಿಟಕಿಯ ಮಗ್ಗುಲಿಗೆ ಕೂತು ದಾರಿಯುದ್ದಕ್ಕೂ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆನೆಂದು ಕಾಣುತ್ತದೆ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ದೂರ ಸರಿದು ಕೂತಳು.

ಗೆಳತಿ ಮೊದಲು ಹಿತ್ತಲಿಗೇ ಕರೆದುಕೊಂಡು ಹೋದಳು. ಹೊಸ ಕೋಳಿಗಳು ಬಂದಿದ್ದವು, ಜಾಲರಿಯ ಗೂಡಿನೊಳಗೆ. ಗೂಡಿಗೆ ಹೋಗುವಾಗ ಹಾಕಿಕೊಳ್ಳುವ ಚಪ್ಪಲಿ ಬೇರೆ ಇತ್ತು. ಬಚ್ಚಲ ಕಲ್ಲಿನ ಮೇಲೆ ಸೋಪು. ಅಡುಗೆಮನೆಯ ಗೋಡೆಗೆ ಎರಡು ಈಳಿಗೆ ಒರಗಿಸಿದ್ದರು, ಮಾಂಸಕ್ಕೊಂದು, ಕಾಯಿಪಲ್ಯಕ್ಕೊಂದು. ತತ್ತಿ ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು. ನಾನು ಯಾವ ಯಾವಾಗಲೋ ಆಡಿದ್ದ ಒಂದೊಂದು ಮಾತೂ ಆ ಮನೆಯಲ್ಲಿ ನಡೆಯುತ್ತಿತ್ತು. ಆಯಿಯೇ ಎಲ್ಲರಿಗೂ ಕಾವಲು ಅಂತೆ, ಕೈ ತೊಳೆಯದವರಿಗೆ ಕೂಸು ಕೊಡುವುದಿಲ್ಲವಂತೆ. ಬೋಳುತಲೆಯ ಕೂಸು ನನ್ನ ಮುಖವನ್ನು ದಿಟ್ಟಿಸಿ ನೋಡಿತು. ಎತ್ತಿಕೊಂಡೆ, ಭಾರವಾಗಿತ್ತು.

ಊಟದ ಹೊತ್ತಾಯಿತು. ಒಳಗೆ ಪಂಕ್ತಿ ಹಾಕಿದರು, ಬೀಗರು, ಬಳಗದವರು, ನೆರೆಯವರು ಸಾಲಾಗಿ ಕೂತರು. ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಕಾಲಿಡುತ್ತಿದ್ದೆ. ಆಯಿ ಕೈ ಅಡ್ಡ ಹಿಡಿದಳು.

"ಅಲ್ಲಿ ಬ್ಯಾಡ್ರಿ, ಮೇಡಂ. ಮಂದಿ ಕೈ ಹ್ಯಾಂಗರ ಇರ್ತಾವ. ನಿಮ್ಗ ಇಲ್ಲಿ ಬ್ಯಾರೆ ಮಾಡೀವ್ರಿ."

ಪಡಸಾಲೆಯಲ್ಲಿ ಒಂದು ಕುರ್ಚಿ, ಒಂದು ಸ್ಟೂಲು. ಹೊರಬಾಗಿಲ ಮಗ್ಗುಲಿಗೆ ಗೋಡೆಯಲ್ಲೊಂದು ಗೂಡು. ಆಯಿ ಅದರೊಳಗಿಂದ ಬಿಳಿ ಬಟ್ಟೆಯ ಗಂಟನ್ನು ತೆಗೆದು ಬಿಚ್ಚಿದಳು. ಹೊಸ ತಾಟು, ಹೊಸ ಗಿಲಾಸು, ಥಳಥಳ ಹೊಳೆಯುತ್ತಿದ್ದವು.

"ನಾನೇ ಕುದಿಯೋ ನೀರಾಗ ಹಾಕಿ ತೆಗ್ದೀನಿ. ಇವು ನಿಮ್ಮವೇ. ನಮ್ಮ ಮನ್ಯಾಗ ಒಬ್ರೂ ಮುಟ್ಟಂಗಿಲ್ಲ. ಒಳಗಿನ ಭಾಂಡ್ಯಾದಾಗ ಸೈತ ಕೂಡ್ಸಂಗಿಲ್ಲ."

ಅವಳ ಕಣ್ಣಲ್ಲಿ ಪ್ರೀತಿಯಿತ್ತು. ಪ್ರೀತಿಯೇ, ನನಗೆ ಅನುಮಾನವಿಲ್ಲ. ಅಂದು ಗೋಡೆ ಹಿಡಿದು ಕೂತಿದ್ದ ಮುದುಕಿ ನನಗಾಗಿ ನೀರು ಕುದಿಸಿದ್ದಳು. ಗೆಳತಿ ಬಿಸಿ ಬಿಸಿ ಎಸರು ತಂದು ಬಡಿಸಿ, "ತಿನ್ರಿ ಮೇಡಂ, ಒಳಗ ಮಂದಿ ಬಾಳ ಅದ, ಬಡಿಸಿ ಬರ್ತೇನಿ" ಎಂದು ಹೋದಳು. ಒಳಗಿನಿಂದ ನಗು ಕೇಳುತ್ತಿತ್ತು. ಯಾರೋ ಯಾರಿಗೋ ಬಲವಂತ ಮಾಡಿ ಬಡಿಸುತ್ತಿದ್ದರು, ಯಾರೋ ಬೇಡ ಬೇಡ ಎಂದು ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತು ಒಬ್ಬಳೇ ಉಂಡೆ.

ನಮ್ಮ ಅಜ್ಜಿ ಹೇಳುತ್ತಿದ್ದಳು. ಅವಳು ಕೂಲಿಗೆ ಹೋಗುತ್ತಿದ್ದ ಮನೆಯ ಹೊರಗೋಡೆಯ ಗೂಡಿನಲ್ಲಿ ಅವಳಿಗೆಂದೇ ಒಂದು ಕಪ್ಪು ಇರುತ್ತಿತ್ತಂತೆ. ಚಹಾ ಕುಡಿದು, ತಾನೇ ತೊಳೆದು, ಅಲ್ಲೇ ಬೋರಲು ಹಾಕಿ ಬರಬೇಕಂತೆ. ಆ ಮನೆಯವರೂ ಪ್ರೀತಿಯಿಂದಲೇ ಚಹಾ ಕೊಡುತ್ತಿದ್ದರು ಎಂದು ಅಜ್ಜಿ ಹೇಳುವಾಗ ನಾನು ಹುಡುಗಿ, ರೇಗುತ್ತಿದ್ದೆ. ಆಯಿಗೆ ಇದನ್ನು ಏನೆಂದು ಹೇಳಲಿ? ಕೈ ತೊಳೆಯಿರಿ, ಬೇರೆ ಇಡಿ, ಕುದಿಸಿ, ಮುಟ್ಟಬೇಡಿ ಎಂದು ಕಲಿಸಿದವಳು ನಾನೇ. ಅವರು ಅಕ್ಷರ ಬಿಡದೆ ಕಲಿತರು. ಎದ್ದು ಒಳಗೆ ಹೋಗಿ ಅವರ ನಡುವೆ ಕೂತುಬಿಡಬೇಕೆಂದು ಜೀವ ಹಂಬಲಿಸಿತು. ಹೋದರೆ ಆಯಿ ಕುದಿಸಿದ ನೀರಿಗೆ ಅವಮಾನ. ಹೋಗದಿದ್ದರೆ ನಾನು ನಮ್ಮ ಅಜ್ಜಿ.

ಊಟ ಮುಗಿಸಿ ತಾಟು, ಗಿಲಾಸು ಎತ್ತಿಕೊಂಡು ಬಚ್ಚಲಿಗೆ ಹೋದೆ. ಸೋಪು ಹಚ್ಚಿ ತೊಳೆದೆ. ಯಾರೂ ತೊಳೆ ಅನ್ನಲಿಲ್ಲ, ಕೈ ತಾನಾಗಿಯೇ ತೊಳೆಯಿತು. ಆಯಿ ಪಂಕ್ತಿಯಲ್ಲಿದ್ದವರಿಗೆ ಕೂಗಿ ತೋರಿಸಿದಳು, "ನೋಡ್ರಿ, ಎಷ್ಟ್ ಸಾಫ್ ಇರ್ತಾರ, ತಮ್ಮ ಭಾಂಡಿ ತಾವೇ ತೊಳಕೊಳ್ಳಲತ್ತಾರ." ಎಲ್ಲರೂ ಮೆಚ್ಚಿ ನನ್ನ ಕಡೆ ನೋಡಿದರು. ನಾನು ಒದ್ದೆ ಗಿಲಾಸು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಳಗೆ ಒಲೆಯ ಪಕ್ಕದ ಹಲಗೆಯ ಮೇಲೆ ಮನೆಯವರೆಲ್ಲರ ಗಿಲಾಸುಗಳು ಒಂದರ ಮಗ್ಗುಲಿಗೊಂದು ಬೋರಲು ಬಿದ್ದಿದ್ದವು, ನಡುವೆ ಒಂದಕ್ಕೆ ಜಾಗವೂ ಇತ್ತು.

ಗೆಳತಿ ಓಡಿಬಂದು ನನ್ನ ಕೈಯಿಂದ ಅದನ್ನು ಇಸಿದುಕೊಂಡಳು.

"ನಿಮ್ಮ ಗೂಡಿನಾಗೇ ಇಡ್ತೇನ್ರಿ ಮೇಡಂ. ಇಲ್ಲಿ ಇಟ್ರ ಯಾರರ ಮುಟ್ತಾರ."

ನಾನು ಹೂಂ ಎಂದೆ.